ಒಂದು ಹನಿ ರಕ್ತದ ಹೆಡ್‌ಲೈನ್ ಸ್ವಲ್ಪ ತಡೀರಿ

ಸಂಪಾದಕರಿಗೆ ನಮಸ್ಕಾರ್ರಿ,

ಸಿಂಧನೂರಾಗ ನಂದೊಂದು ಮೆಡಿಕಲ್ ಶಾಪ್ ಅದ. ಈಗೀಗ ಜನ ಮೊಬೈಲ್ ಹಿಡ್ಕೊಂಡು ಬಂದು, ಒಂದು ಹನಿ ರಕ್ತದಾಗ ಎಲ್ಲಾ ಕ್ಯಾನ್ಸರ್ ಗೊತ್ತಾಗ್ತದಂತ, ಮೈಕ್ರೋ ಆರ್‌ಎನ್‌ಎ ಟೆಸ್ಟ್ ಅಂತ, ಎಲ್ಲಿ ಮಾಡ್ತಾರ್ರೀ ಅಣ್ಣ ಅಂತ ಕೇಳಾಕತ್ಯಾರ. ಪೇಪರ್‌ನಾಗೂ ಹೆಡ್‌ಲೈನ್ ಹಂಗೇ ಬರ್ತಾವ, ಇನ್ನಾ ರಿಸರ್ಚ್ ನಡದದ ಅನ್ನೋದು ಮಾತ್ರ ಕಟ್ಟಕಡೀ ಸಾಲಿನ್ಯಾಗ, ಅಲ್ಲೀತನ ಯಾರು ಓದ್ತಾರ್ರೀ.

ವಿಷಯ ಸುಳ್ಳಲ್ಲ. 1993ರಾಗ ಆಂಬ್ರೋಸ್, ರವ್‌ಕುನ್ ಅನ್ನೋ ವಿಜ್ಞಾನಿಗಳು ಒಂದು ಮಿಲಿಮೀಟರ್ ಹುಳದಾಗ ಮೈಕ್ರೋ ಆರ್‌ಎನ್‌ಎ ಕಂಡುಹಿಡಿದದ್ದು, 2024ರಾಗ ನೊಬೆಲ್ ಬಂತು. ಜೀವಕೋಶ ಡಿಎನ್‌ಎ ನೋಡಿ ಮಾಡ್ಕೊಳ್ಳೋ, ಸುಮಾರು 22 ಅಕ್ಷರದ ಆರ್‌ಎನ್‌ಎ ತುಣುಕು ಅದು, ತಾನು ಪ್ರೋಟೀನ್ ಮಾಡಂಗಿಲ್ಲ, ನಮ್ಮ ಎಡದಂಡಿ ಕಾಲುವಿ ಗೇಟಿನಂಗ ಯಾವ ಪ್ರೋಟೀನ್ ಎಷ್ಟು ತಯಾರಾಗ್ಬೇಕು ಅಂತ ಹಿಡಿದಿಡ್ತದ. ಒಂದು ತರದ ರಕ್ತ ಕ್ಯಾನ್ಸರ್‌ನಾಗ ಮಿಆರ್-15, ಮಿಆರ್-16 ಅನ್ನೋ ಮೈಕ್ರೋ ಆರ್‌ಎನ್‌ಎಗಳು ಇರೋ ಜೀನ್ ಭಾಗಾನೇ ಹೋಗಿರ್ತದ ಅಂತ 2002ರಾಗ ತೋರಿಸಿದ್ರು, ಅವು ಇಲ್ಲಾಂದ್ರ ಸಾಯ್ಬೇಕಾದ ಜೀವಕೋಶ ಸಾಯಂಗಿಲ್ಲ. ಮಿಆರ್-21 ಉಲ್ಟಾ, ಭಾಳ ಕ್ಯಾನ್ಸರ್‌ನಾಗ ಜಾಸ್ತಿ ಆಗಿ ಗಡ್ಡೆ ತಡಿಯೋ ಜೀನ್‌ಗಳನ್ನೇ ಕಟ್ಟಿಹಾಕ್ತದ.

ಆದ್ರ ಟ್ರೀಟ್ಮೆಂಟ್? ಮಿಆರ್-34 ನಕಲು ಮಾಡಿದ ಔಷಧಿ ರೋಗಿಗಳಿಗೆ ಕೊಟ್ಟು ನೋಡಿದ್ರು, ಮೈಯಾಗಿನ ರೋಗನಿರೋಧಕ ಶಕ್ತಿ ಕೆರಳಿ ಭಾರಿ ತೊಂದ್ರಿ ಆಗಿ 2016ರಾಗ ಟ್ರಯಲ್ ನಿಲ್ಲಿಸಿದ್ರು. ಮೈಕ್ರೋ ಆರ್‌ಎನ್‌ಎ ಕ್ಯಾನ್ಸರ್ ಔಷಧಿ ಅಂತ ಇವತ್ತಿಗೂ ಯಾವ ಅಂಗಡಿಗೂ ಬಂದಿಲ್ಲ. ರಕ್ತದಾಗ ಇವು ಎಷ್ಟದಾವ ಅಂತ ಲೆಕ್ಕ ಹಾಕೋ ಟೆಸ್ಟ್ ಕಥಿನೂ ಅಷ್ಟು ಸರಳಿಲ್ಲ, ಟ್ಯೂಬಿನ್ಯಾಗ ಕೆಂಪು ರಕ್ತಕಣ ಒಡೆದ್ರ ಸಾಕು ಮಿಆರ್-16, ಮಿಆರ್-451 ಲೆಕ್ಕ ಏರುಪೇರಾಗ್ತದ, ನಮ್ಮ ಬಿಸಿಲಾಗ ಸ್ಯಾಂಪಲ್ ಬಸ್ಸಿನ್ಯಾಗ ಕಳ್ಸಿದ್ರ ಏನಾಗ್ಬೇಡ.

ನನಗ ಸಿಟ್ಟು ಬರೋದು ಇಲ್ಲಿ. ಕೇಳಾಕ ಬಂದವನ ಬಾಯಾಗೇ ಗುಟ್ಕಾ ಇರ್ತದ. 2013ರಾಗ ಬ್ಯಾನ್ ಆಯ್ತು ಅಂತೀವಿ, ಪಾನ್ ಮಸಾಲಾ ಒಂದು ಪಾಕೀಟು ತಂಬಾಕು ಇನ್ನೊಂದು ಪಾಕೀಟು ಜೋಡಿ ಮಾಡಿ ಮಾರ್ತಾರ, ಎರಡೂ ಹರ್ದು ಅಂಗೈಯಾಗ ಕಲಸ್ಕೊಂಡು ಹಾಕ್ಕೊಳ್ಳೋದು. ಬಾಯಿ ತೆಗಿ ನೋಡಣ ಅಂದ್ರ ಮೂರು ಬೆರಳು ಹೋಗಂಗಿಲ್ಲ, ಗಲ್ಲ ಒಳಗಡೆ ಬೆಳ್ಳಗ ಬಿಗದಿರ್ತದ. ಇದಕ್ಕ ಟೆಸ್ಟ್ ಬೇಡ, ಕನ್ನಡಿ ಟಾರ್ಚ್ ಸಾಕು, ಡೌಟ್ ಬಂದ್ರ ಹಲ್ಲಿನ ಡಾಕ್ಟ್ರು ಬಯಾಪ್ಸಿಗೆ, ಅಂದ್ರ ಸಣ್ಣ ತುಣುಕು ತೆಗೆದು ನೋಡೋದಕ್ಕ, ಬರೀತಾರ.

ಮುಂದಿನ ಸಲ ಇಂಥಾ ಸುದ್ದಿ ಹಾಕಿದಾಗ ಇದು ಮನುಷ್ಯರ ಮ್ಯಾಲೆ ಟ್ರಯಲ್ ಆಗ್ಯದೋ ಬರೀ ಇಲಿ ಮ್ಯಾಲೋ ಅಂತ ಮೊದಲ ಪ್ಯಾರಾದಾಗೇ ಬರೀರಿ, ಪಕ್ಕದಾಗ ಒಂದು ಸಣ್ಣ ಬಾಕ್ಸ್ ಮಾಡಿ ಎರಡು ವಾರ ಆದ್ರೂ ಮಾಯದ ಬಾಯಿ ಹುಣ್ಣು, ಬಿಳಿ ಕೆಂಪು ಮಚ್ಚಿ ಕಂಡ್ರ ತಾಲೂಕು ಆಸ್ಪತ್ರಿಗೆ ಹೋಗ್ರಿ ಅಂತ ಹಾಕ್ರಿ, ಅದನ್ನ ಕತ್ತರಿಸಿ ನಮ್ಮ ಕೌಂಟರ್ ಗ್ಲಾಸಿಗೆ ಅಂಟಿಸ್ತೀನಿ.

– ಒಬ್ಬ ಓದುಗ, ಸಿಂಧನೂರು, ರಾಯಚೂರು ಜಿಲ್ಲೆ