ರಾತ್ರಿಯ ಸ್ತೋತ್ರ ಪ್ರಾರ್ಥನೆ: ಎಲ್ಲರ ಗಮನಕ್ಕೆ

ಪ್ರಿಯ ಸಹೋದರ ಸಹೋದರಿಯರೇ, ಕ್ರಿಸ್ತನಲ್ಲಿ ವಂದನೆಗಳು.

ದಿನವೂ ರಾತ್ರಿಯ ಪ್ರಾರ್ಥನೆಯ ಮೊದಲ 5 ನಿಮಿಷ ಸ್ತೋತ್ರಕ್ಕೇ, ಅಂದರೆ ದೇವರಿಗೆ ಕೃತಜ್ಞತೆ ಹೇಳುವುದಕ್ಕೇ ಮೀಸಲಿಡಿ, ಬೇಡಿಕೆ ಆಮೇಲೆ. ಬೇಡಿಕೆಯಿಂದ ಶುರುಮಾಡಿದರೆ ಮನಸ್ಸು ಇಲ್ಲದ್ದನ್ನೇ ಎಣಿಸುತ್ತಾ ಹೋಗುತ್ತದೆ.

ಹಾಸಿಗೆಯಲ್ಲಿ ಮಲಗಿಕೊಂಡು ಬೇಡ, ನಿದ್ದೆ ಬಂದುಬಿಡುತ್ತದೆ. ಕುಳಿತು, ಬೆಳಗ್ಗೆ ಎದ್ದಾಗಿನಿಂದ ದಿನವನ್ನು ಒಮ್ಮೆ ನೆನೆಯಿರಿ. ಮೂರೇ ಮೂರು ವಿಷಯ ಆರಿಸಿ, ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದು, ಬಾಯಿಬಿಟ್ಟು ಹೇಳಿ. “ಎಲ್ಲಾ ಆಶೀರ್ವಾದಗಳಿಗಾಗಿ ಸ್ತೋತ್ರ” ಎಂಬುದು ವಾರದೊಳಗೆ ಬಾಯಿಪಾಠವಾಗಿಬಿಡುತ್ತದೆ. “ಕರ್ತನೇ, ಮಧ್ಯಾಹ್ನ ಅಮ್ಮನ ಜ್ವರ ಇಳಿಯಿತು, ಎರಡು ತುತ್ತು ಉಂಡರು, ನಿನಗೆ ಸ್ತೋತ್ರ” ಅನ್ನಿ. ಆ ಎರಡು ತುತ್ತೇ ಮುಖ್ಯ.

ಕಷ್ಟದ ದಿನ ಏನು ಮಾಡುವುದು? ಬೈಬಲಿನ 1 ಥೆಸಲೊನೀಕ 5:18 ಎಲ್ಲಾ ಸ್ಥಿತಿಯಲ್ಲೂ ಸ್ತೋತ್ರ ಮಾಡಿ ಎನ್ನುತ್ತದೆ. ನೋವನ್ನು ಒಳ್ಳೆಯದೆಂದು ನಟಿಸಿ ಎನ್ನುವುದಿಲ್ಲ. ಅಂಥ ರಾತ್ರಿ 13ನೇ ಕೀರ್ತನೆ ಓದಿ. ಆರೇ ವಚನ, ‘ಎಷ್ಟರವರೆಗೆ’ ಎಂಬ ಅಳಲಿನಿಂದ ಶುರುವಾಗಿ ಹಾಡಿನಲ್ಲಿ ಮುಗಿಯುತ್ತದೆ. ಸ್ತೋತ್ರ ಬಾಯಿಗೆ ಬರದಿದ್ದರೆ ಅಳಲನ್ನಷ್ಟೇ ಹೇಳಿ. ಅದೂ ಪ್ರಾರ್ಥನೆಯೇ.

ಒಂದು ದಿನ ತಪ್ಪಿದರೆ ಮರುದಿನ ಆರು ಬರೆಯಬೇಡಿ, ಅದು ಬಾಕಿ ತೀರಿಸಿದಂತಾಗುತ್ತದೆ.

ಭಾನುವಾರ ಆರಾಧನೆಗೆ ಹೊರಡುವ ಮುಂಚೆ ವಾರದ ಪುಟಗಳನ್ನು ಓದಿ, ಅದರಲ್ಲಿರುವ ಒಬ್ಬರಿಗಾದರೂ ನೇರವಾಗಿ ಥ್ಯಾಂಕ್ಸ್ ಹೇಳಿ. ಲೂಕ 17ರಲ್ಲಿ ಶುದ್ಧರಾದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಯೇಸುವಿಗೆ ಸ್ತೋತ್ರ ಹೇಳಲು ಹಿಂದಿರುಗಿ ಬಂದವನು ಒಬ್ಬನೇ, ಅವನೂ ಯೆಹೂದ್ಯರು ಹೊರಗಿನವನೆಂದು ಕಾಣುತ್ತಿದ್ದ ಸಮಾರ್ಯದವನು.

ಪುಟದ ಫೋಟೋ ಮಾತ್ರ ದಯವಿಟ್ಟು ಗುಂಪಿಗೆ ಹಾಕಬೇಡಿ. ನೋಡುವವರಿದ್ದಾರೆಂದು ಗೊತ್ತಾದರೆ ಬರೆಯುವ ಮಾತೇ ಬದಲಾಗುತ್ತದೆ.