ಹೊಸ ಬಂಟಿಗೆ ಬೇಕಿದ್ದ ಕೆಲಸ ಹಳೇ ಬಂಟಿಯ ಕೈಲಿತ್ತು

ಮಾನ್ಯ ಸಂಪಾದಕರೇ,

ನಿಮ್ಮ ಸಿನಿಮಾ ಪುಟದಲ್ಲಿ ಹಿಂದಿಯ ‘ಬಂಟಿ ಔರ್ ಬಬ್ಲಿ 2’ ಬಗ್ಗೆ ಓದುಗರು ಬರೆದ ಅಭಿಪ್ರಾಯಗಳನ್ನು ಓದಿದೆ. ಹೆಚ್ಚುಕಡಿಮೆ ಎಲ್ಲರೂ ಬೈದಿದ್ದಾರೆ. ಬೈಯಲಿ, ದುಡ್ಡು ಕೊಟ್ಟು ನೋಡಿದವರಿಗೆ ಆ ಹಕ್ಕಿದೆ. ಸಿನಿಮಾ ನನಗೂ ಸಪ್ಪೆ ಅನ್ನಿಸಿತು. ಆದರೆ ಒಬ್ಬರು ಬರೆದ ಒಂದು ಮಾತು ಓದಿ ಸುಮ್ನೆ ಇರಲು ಆಗಲಿಲ್ಲ. ಅಂಥಾ ಬಂಟಿಯನ್ನು ತಂದು ರೈಲ್ವೆ ಟಿ.ಸಿ. (ಟಿಕೆಟ್ ಕಲೆಕ್ಟರ್) ಮಾಡಿಬಿಟ್ಟರು, ಕಥೆ ಅಲ್ಲೇ ಸತ್ತುಹೋಯಿತು ಅಂತ ಅವರ ದೂರು. ನಾನು ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗದಲ್ಲಿ ಟಿಕೆಟ್ ತಪಾಸಣೆಯಲ್ಲಿದ್ದು ನಿವೃತ್ತಿಯಾದವಳು. ನನ್ನ ಪ್ರಕಾರ ಕಥೆ ಶುರುವಾಗಬೇಕಿದ್ದದ್ದೇ ಅಲ್ಲಿಂದ.

ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಮೊದಲ ಸಿನಿಮಾ ಬಂದದ್ದು 2005ರ ಮೇ ತಿಂಗಳಲ್ಲಿ. ನಿರ್ದೇಶಕರು ಶಾದ್ ಅಲಿ. ಅದರಲ್ಲಿ ಉತ್ತರಪ್ರದೇಶದ ಫುರ್ಸತ್‌ಗಂಜ್‌ನ ರಾಕೇಶನ ಅಪ್ಪ ರೈಲ್ವೆಯಲ್ಲಿ ಟಿ.ಸಿ. ರಾಜ್ ಬಬ್ಬರ್ ಆ ಪಾತ್ರ ಮಾಡಿದ್ದರು. ಮಗನೂ ರೈಲ್ವೆ ಸೇರಲಿ, ಕಣ್ಣ ಮುಂದೆ ಇರಲಿ ಅಂತ ಅಪ್ಪನ ಆಸೆ. ಮಗನ ತಲೆ ತುಂಬ ದೊಡ್ಡ ದೊಡ್ಡ ಯೋಜನೆಗಳು. ನೌಕರಿ ಬೇಡ ಅಂತ ರಾತ್ರೋರಾತ್ರಿ ಮನೆ ಬಿಟ್ಟು ಓಡುತ್ತಾನೆ. ಅತ್ತ ವಿಮ್ಮಿಯೂ ಮದುವೆ ತಪ್ಪಿಸಿಕೊಂಡು, ಮಿಸ್ ಇಂಡಿಯಾ ಆಗಬೇಕು ಅಂತ ಓಡಿಬಂದವಳು. ಇಬ್ಬರೂ ಮೊದಲು ಮೋಸ ಹೋಗುತ್ತಾರೆ, ಆಮೇಲೆ ಬಂಟಿ, ಬಬ್ಲಿ ಅಂತ ಹೆಸರಿಟ್ಟುಕೊಂಡು ಮೋಸ ಮಾಡಲು ಕಲಿಯುತ್ತಾರೆ. ತಾಜಮಹಲನ್ನೇ ಮಾರುವಷ್ಟು ಕೈ ಪಳಗುತ್ತದೆ. ಬಿಹಾರದ ಠಕ್ಕ ನಟವರಲಾಲನ ಬಗ್ಗೆ ಜನ ಹೇಳುತ್ತಿದ್ದ ಕಥೆಯದು.

ಆ ಸಿನಿಮಾ ನನಗೆ ತುಂಬ ಹಿಡಿಸಿತ್ತು. ನಾನು ಅದನ್ನು ಅಪ್ಪನ ಕಡೆ ನಿಂತೇ ನೋಡಿದೆ ಅನ್ನೋದು ಬೇರೆ ಮಾತು. ಆದರೂ ಮಗನ ಚಡಪಡಿಕೆ ಅರ್ಥವಾಗುತ್ತಿತ್ತು. ಸಣ್ಣ ಊರಲ್ಲಿ ಹುಟ್ಟಿ, ಅಪ್ಪ ನಿಂತ ಪ್ಲಾಟ್‌ಫಾರ್ಮಿನಲ್ಲೇ ತಾನೂ ನಿಲ್ಲಬೇಕು ಅಂದರೆ ಇಪ್ಪತ್ತರ ಹುಡುಗನಿಗೆ ಉಸಿರು ಕಟ್ಟುತ್ತದೆ. ಅವರ ಮೋಸಗಳಲ್ಲಿ ಆ ಹಸಿವು ಇತ್ತು, ಅದಕ್ಕೇ ನಾವು ನಕ್ಕದ್ದು.

ಎರಡನೆಯ ಭಾಗ 2020ರ ಜೂನ್‌ನಲ್ಲೇ ಬರಬೇಕಿತ್ತು. ಕೊರೊನಾ ಕಾರಣ ಮುಂದಕ್ಕೆ ಹೋಗಿ ಹೋಗಿ 2021ರ ನವೆಂಬರ್ 19ಕ್ಕೆ ಬಂತು. ವರುಣ್ ವಿ. ಶರ್ಮಾ ನಿರ್ದೇಶನ. ಇಲ್ಲಿ ರಾಕೇಶ್ ಮೋಸದ ದಂಧೆ ಬಿಟ್ಟು ಫುರ್ಸತ್‌ಗಂಜ್‌ನಲ್ಲಿ ನೆಲೆಸಿದ್ದಾನೆ. ರೈಲ್ವೆಯಲ್ಲಿ ಟಿ.ಸಿ. ಆಗಿದ್ದಾನೆ. ಹೊಟ್ಟೆ ಬಂದಿದೆ. ವಿಮ್ಮಿ ಮನೆ, ಮಗ ಅಂತ ಇದ್ದಾಳೆ. ಅಷ್ಟರಲ್ಲಿ ಕುನಾಲ್, ಸೋನಿಯಾ ಅಂತ ಇಬ್ಬರು ಹುಡುಗರು ಇವರ ಹೆಸರಿಟ್ಟುಕೊಂಡೇ ಜನರಿಗೆ ಟೋಪಿ ಹಾಕಲು ಶುರುಮಾಡುತ್ತಾರೆ. ಪೊಲೀಸ್ ಅಧಿಕಾರಿ ಜಟಾಯು ಸಿಂಗ್ ಹಳೆಯ ಜೋಡಿಯನ್ನೇ ಹಿಡಿದು ತರುತ್ತಾನೆ. ಆಮೇಲೆ, ಹಾಗಾದರೆ ನೀವೇ ಅವರನ್ನು ಹಿಡಿದುಕೊಡಿ ಅಂತ ಬಿಡುತ್ತಾನೆ.

ಈಗ ನಿಮ್ಮ ಓದುಗರ ಮಾತಿಗೆ ಬರುತ್ತೇನೆ. ಮೊದಲ ಸಿನಿಮಾದ ಬಂಟಿ ಅಭಿಷೇಕ್ ಬಚ್ಚನ್ ಇಲ್ಲ ಅನ್ನೋದೇ ಹೆಚ್ಚಿನವರ ಕೊರಗು. ಸೈಫ್ ಅಲಿ ಖಾನ್ ಆ ಜಾಗಕ್ಕೆ ಹೊಂದಲಿಲ್ಲವಂತೆ. ನನಗೆ ಹಾಗನ್ನಿಸಲಿಲ್ಲ. ಸೈಫ್ ಮತ್ತು ವಿಮ್ಮಿಯ ಪಾತ್ರದ ರಾಣಿ ಮುಖರ್ಜಿ ಹಿಂದೆಯೂ ಜೊತೆಯಾಗಿ ನಟಿಸಿದವರು. ಗಂಡ ಹೆಂಡತಿ ಮನೆಯಲ್ಲಿ ಮಾತಾಡುವ ದೃಶ್ಯಗಳಲ್ಲಿ ಅವರಿಬ್ಬರ ಸಲಿಗೆ ಚೆನ್ನಾಗಿದೆ. ‘ಕಜರಾ ರೇ’ ಥರದ ಹಾಡಿಲ್ಲ ಅಂತ ಇನ್ನು ಕೆಲವರು. ನಿಜ, ಇಲ್ಲ. ಮೊದಲ ಸಿನಿಮಾಕ್ಕೆ ಗುಲ್ಜಾರ್ ಬರೆದ ಹಾಡದು, ಆ ವರ್ಷದ ಫಿಲ್ಮ್‌ಫೇರ್ ಬಂದಿತ್ತು. ಅಂಥ ಹಾಡು ಪ್ರತಿ ಸಿನಿಮಾಕ್ಕೂ ಹುಟ್ಟಲ್ಲ. ಜಟಾಯು ಸಿಂಗ್ ಆಗಿದ್ದ ಪಂಕಜ್ ತ್ರಿಪಾಠಿ ಒಬ್ಬರೇ ಸಿನಿಮಾ ಹೊತ್ತರು ಅಂತ ಒಬ್ಬರು ಬರೆದಿದ್ದಾರೆ, ಅದು ಒಪ್ಪತಕ್ಕ ಮಾತು.

ಆದರೆ ರಾಣಿ ಮುಖರ್ಜಿಯನ್ನು “ಆಂಟಿ” ಅಂತ ಕರೆದು, ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ ಅಂತ ಕೇಳಿದವರಿಗೆ ಒಂದು ಮಾತು. ಆಗ ಅವರಿಗೆ 43 ವರ್ಷ. ಮೊದಲ ಸಿನಿಮಾದಲ್ಲಿ ಪೊಲೀಸ್ ಆಗಿ ಬೀಡಿ ಸೇದುತ್ತ ಈ ಜೋಡಿಯ ಬೆನ್ನು ಹತ್ತಿದ ಅಮಿತಾಭ್ ಬಚ್ಚನ್‌ಗೆ 62. ಅವರು ಕುಣಿದಾಗ ಯಾರಾದರೂ ವಯಸ್ಸು ಕೇಳಿದ್ರಾ? ನಾನು ಕರಿ ಕೋಟು ಹಾಕಿಕೊಂಡು ರಾತ್ರಿ ಗಾಡಿಯಲ್ಲಿ ಓಡಾಡುವಾಗಲೂ ಈ ಪದ ಕೇಳಿದ್ದೇನೆ. ಟಿಕೆಟ್ ಇದ್ದವರು “ಮೇಡಂ” ಅನ್ನುತ್ತಾರೆ. ಇಲ್ಲದವರೇ “ಬಿಡಿ ಆಂಟಿ” ಅನ್ನೋದು.

ಇನ್ನು ಆ ಟಿ.ಸಿ. ವಿಷಯ. ಅದನ್ನೇ ಬರೆಯಲು ಕೂತದ್ದು.

ಹೊಸ ಬಂಟಿ ಮತ್ತು ಬಬ್ಲಿ ಯಾರು ಅಂತ ಯಾರೂ ಬರೆದಿಲ್ಲ. ಇಬ್ಬರೂ ಎಂಜಿನಿಯರಿಂಗ್ ಓದಿದವರು, ಕೆಲಸ ಸಿಗದವರು. ಕೆಲಸ ಸಿಗಲಿಲ್ಲ ಅಂತ ಮೋಸಕ್ಕೆ ಇಳಿದವರು. ಈಗ ಎರಡೂ ಸಿನಿಮಾಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 2005ರಲ್ಲಿ ಒಬ್ಬ ಹುಡುಗ ಅಪ್ಪ ತೋರಿಸಿದ ರೈಲ್ವೆ ನೌಕರಿ ಬೇಡ ಅಂತ ಓಡಿಹೋದ. ಹದಿನಾರು ವರ್ಷದ ಮೇಲೆ ಅವನ ಕೈಯಲ್ಲಿ ಅದೇ ನೌಕರಿ ಇದೆ. ಅವನೆದುರು ನಿಂತ ಹೊಸ ಹುಡುಗನಿಗೆ ಡಿಗ್ರಿ ಇದೆ, ನೌಕರಿ ಇಲ್ಲ. ಈ ಹುಡುಗನ ಓರಗೆಯವರು ಅಂಥ ರೈಲ್ವೆ ಕೆಲಸಕ್ಕೇ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದಾರೆ. ಇಬ್ಬರೂ ಒಂದೇ ಕಥೆಯಲ್ಲಿದ್ದಾರೆ. ಆದರೂ ಈ ವಿಷಯ ಅವರಿಬ್ಬರ ನಡುವೆ ಗಟ್ಟಿಯಾಗಿ ಬಂದದ್ದು ನನಗೆ ಎಲ್ಲೂ ಕಾಣಲಿಲ್ಲ.

ನಾನು ಸುಮ್ನೆ ಹೇಳುತ್ತಿಲ್ಲ. 2019ರಲ್ಲಿ ರೈಲ್ವೆ ನೇಮಕಾತಿ ಮಂಡಳಿ ಎನ್‌ಟಿಪಿಸಿ, ಅಂದರೆ ತಾಂತ್ರಿಕವಲ್ಲದ ಹುದ್ದೆಗಳಿಗೆ ಅರ್ಜಿ ಕರೆಯಿತು. ಟಿಕೆಟ್ ಕ್ಲರ್ಕ್, ಸ್ಟೇಷನ್ ಮಾಸ್ಟರ್, ಇಂಥ ಕೆಲಸಗಳು. ಇದ್ದದ್ದು ಸುಮಾರು 35 ಸಾವಿರ ಹುದ್ದೆ, ಬಂದದ್ದು ಸುಮಾರು 1.25 ಕೋಟಿ ಅರ್ಜಿ. ಮೊದಲ ಹಂತದ ಪರೀಕ್ಷೆ ಶುರುವಾದದ್ದೇ 2020ರ ಡಿಸೆಂಬರ್‌ನಲ್ಲಿ. ಅದರ ಫಲಿತಾಂಶ 2022ರ ಜನವರಿಯಲ್ಲಿ ಬಂದಾಗ ಬಿಹಾರ, ಉತ್ತರಪ್ರದೇಶದ ಹುಡುಗರು ಹಳಿಗಳ ಮೇಲೆ ಕೂತರು. ಗಯಾದಲ್ಲಿ ಬೋಗಿಗೆ ಬೆಂಕಿ ಬಿತ್ತು. ಬೋಗಿ ಸುಡುವುದನ್ನು ರೈಲ್ವೆಯಲ್ಲಿ ಬದುಕಿದ ನಾನು ಒಪ್ಪಲಾರೆ. ಆದರೆ ಆ ಹುಡುಗರ ಸಿಟ್ಟು ಎಲ್ಲಿಂದ ಬಂತು ಅಂತ ಗೊತ್ತು. ಸಿನಿಮಾ ತೆರೆಗೆ ಬಂದು ಎರಡು ತಿಂಗಳಿಗೇ ನಡೆದದ್ದು ಇದು, ಅದೂ ಸಿನಿಮಾದ ಕಥೆ ನಡೆಯುವ ಸೀಮೆಯಲ್ಲೇ.

ಆ ಹುಡುಗರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನೇಮಕಾತಿ ಪರೀಕ್ಷೆ ಇದ್ದಾಗ ವಾರಣಾಸಿ ಕಡೆಯಿಂದ ಹುಬ್ಬಳ್ಳಿಗೆ ಬರುವ ಗಾಡಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಸ್ಲೀಪರ್ ಬೋಗಿಯ ಬಾಗಿಲ ಹತ್ತಿರ, ಟಾಯ್ಲೆಟ್ ಪಕ್ಕ, ಪೇಪರ್ ಹಾಸಿಕೊಂಡು ಕೂತಿರುತ್ತಿದ್ದರು. ತೊಡೆಯ ಮೇಲೆ ಗೈಡ್ ಪುಸ್ತಕ, ಪ್ಲಾಸ್ಟಿಕ್ ಕವರಿನಲ್ಲಿ ಹಾಲ್ ಟಿಕೆಟ್. ಒಬ್ಬ ಹುಡುಗನ ಹತ್ತಿರ ಜನರಲ್ ಟಿಕೆಟ್ ಇತ್ತು. ಸ್ಲೀಪರಿನಲ್ಲಿ ಅದು ನಡೆಯಲ್ಲ. ನಾನು ಇಎಫ್‌ಟಿ (ಹೆಚ್ಚುವರಿ ದರದ ರಸೀದಿ) ಪುಸ್ತಕ ತೆಗೆದೆ. ವ್ಯತ್ಯಾಸದ ದುಡ್ಡು, ಮೇಲೆ 250 ರೂಪಾಯಿ. ಅವನು ಜಗಳ ಆಡಲಿಲ್ಲ. ಅಂಗಿಯ ಒಳಜೇಬಿನಿಂದ ಮಡಚಿದ ನೋಟುಗಳನ್ನು ತೆಗೆದು ಎಣಿಸಿ ಕೊಟ್ಟ. ರಸೀದಿ ಇಸಿದುಕೊಂಡು ಹಿಂದಿಯಲ್ಲಿ ಕೇಳಿದ: “ಮೇಡಂ, ನಿಮ್ಮ ಈ ಪೋಸ್ಟಿಗೆ ಕಟ್ ಆಫ್ ಎಷ್ಟಿತ್ತು?” ಏನು ಓದಿದ್ದೀಯಪ್ಪಾ ಅಂದೆ. ಬಿ.ಟೆಕ್., ಮೆಕ್ಯಾನಿಕಲ್ ಅಂದ. ನನ್ನ ಕೋಟಿನ ಮೇಲಿದ್ದ ಹೆಸರಿನ ಪಟ್ಟಿಯನ್ನೇ ನೋಡುತ್ತಿದ್ದ.

ಅವನಿಗೆ ಫೈನ್ ಬರೆದದ್ದರಲ್ಲಿ ತಪ್ಪಿಲ್ಲ, ಬರೆಯಲೇಬೇಕಿತ್ತು. ಆದರೆ ಸಿನಿಮಾ ನೋಡುವಾಗ ನನ್ನ ಮನಸ್ಸು ಅವನ ಕಡೆಗೇ ಹೋಗುತ್ತಿತ್ತು. ಸೈಫ್ ಕರಿ ಕೋಟು ಹಾಕಿಕೊಂಡು ಬಂದಾಗ ಅದನ್ನು ನಗಿಸುವ ವೇಷವಾಗಿ ತೋರಿಸಿದ್ದಾರೆ. ಪಾಪ, ಎಂಥಾ ಬಂಟಿ ಎಲ್ಲಿಗೆ ಬಂದು ಬಿದ್ದ ಅನ್ನುವ ಹಾಗೆ. ಆ ಕೋಟಿಗಾಗಿ ಎರಡು ರಾತ್ರಿ ನಿದ್ದೆಗೆಟ್ಟು ಬಾಗಿಲ ಬಳಿ ಕೂತು ಬಂದ ಹುಡುಗರು ಈ ದೇಶದಲ್ಲಿದ್ದಾರೆ.

ಇನ್ನೊಂದು ಬೇಜಾರೂ ಇದೆ. ರಾಕೇಶನಿಗೆ ಕಳ್ಳರನ್ನು ಹಿಡಿಯುವ ಕೆಲಸ ಕೊಡುತ್ತಾರೆ. ಅವನು ಬಳಸುವುದೆಲ್ಲ ಹಳೆಯ ಮೋಸದ ಚಾಲಾಕಿತನ. ಟಿ.ಸಿ.ಯಾಗಿ ಇಷ್ಟು ವರ್ಷ ಜನರ ಮುಖ ನೋಡಿದವನಿಗೆ ಬೇರೆ ವಿದ್ಯೆಯೇ ಬಂದಿರುವುದಿಲ್ವಾ? ಸುಳ್ಳು ಹಿಡಿಯೋದು ನಮ್ಮ ದಿನದ ಕೆಲಸ. ಬೇರೆಯವರ ಹೆಸರಿನ ಟಿಕೆಟ್ಟಿನಲ್ಲಿ ಬಂದವರು ಆ ಹೆಸರನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಅಪ್ಪನ ಹೆಸರೂ ಹೇಳುತ್ತಾರೆ. ನಾನು ಚಾರ್ಟ್ ನೋಡುತ್ತಲೇ, ತಲೆ ಎತ್ತದೆ, ವಯಸ್ಸು ಎಷ್ಟು ಅಂತ ಕೇಳುತ್ತಿದ್ದೆ. ಅಲ್ಲಿ ಸಿಕ್ಕಿಬೀಳುತ್ತಿದ್ದರು. ತನ್ನ ವಯಸ್ಸು ಹೇಳಲು ಯಾರೂ ಯೋಚಿಸಲ್ಲ. ಚಾರ್ಟಿನಲ್ಲಿ 52 ಅಂತ ಇರುತ್ತದೆ, ಎದುರಿಗೆ ಮೂವತ್ತರ ಗಂಡಸು ಕಣ್ಣು ಮೇಲೆ ಮಾಡಿ ಲೆಕ್ಕ ಹಾಕುತ್ತಿರುತ್ತಾನೆ.

ನಿದ್ದೆ ಬಂದವರ ಹಾಗೆ ಮಲಗಿದವರದ್ದೂ ಹಾಗೇ. ನಿಜವಾಗಿ ನಿದ್ದೆಯಲ್ಲಿದ್ದವರು ಭುಜ ಮುಟ್ಟಿದರೆ ಬೆಚ್ಚಿ ಬೀಳುತ್ತಾರೆ, ಮೊದಲು ತಮ್ಮ ಬ್ಯಾಗು ಎಲ್ಲಿದೆ ಅಂತ ನೋಡುತ್ತಾರೆ. ನಾಟಕದವರು ಬ್ಯಾಗು ನೋಡುವುದಿಲ್ಲ, ನಮ್ಮ ಮುಖ ನೋಡುತ್ತಾರೆ. ವರ್ಷಗಟ್ಟಲೆ ಇದನ್ನೆಲ್ಲ ಕಂಡ ರಾಕೇಶ್ ಒಂದು ಗಾಡಿಯಲ್ಲಿ ಕುನಾಲನ ಮುಂದೆ ನಿಂತು ಟಿಕೆಟ್ ಕೇಳುವ ದೃಶ್ಯವೊಂದು ಇದ್ದಿದ್ದರೆ! ಹಳೇ ಠಕ್ಕ ಹೊಸ ಠಕ್ಕನ ಸುಳ್ಳನ್ನು ಟಿ.ಸಿ.ಯ ಕಣ್ಣಿನಿಂದ ಹಿಡಿಯಬೇಕು. ಹಿಡಿದ ಮೇಲೆ ಆ ಹುಡುಗ, ನೀವು ಬೇಡ ಅಂತ ಓಡಿಹೋದ ಕೆಲಸಕ್ಕೆ ನಾನು ಅರ್ಜಿ ಹಾಕಿದ್ದೆ, ಸಿಗಲಿಲ್ಲ ಅನ್ನಬೇಕು. ಅಷ್ಟು ಬಂದಿದ್ದರೆ ಅಬುಧಾಬಿವರೆಗೆ ಹೋಗಿ ಚಿತ್ರೀಕರಣ ಮಾಡುವುದೇ ಬೇಕಿರಲಿಲ್ಲ. ಒಂದು ಸ್ಲೀಪರ್ ಬೋಗಿ ಸಾಕಿತ್ತು.

ಹೊಸ ಜೋಡಿಗೆ ಕಳೆ ಇಲ್ಲ ಅಂತ ಬರೆದಿರುವವರೂ ಇದ್ದಾರೆ. ಸಿದ್ಧಾಂತ್ ಚತುರ್ವೇದಿ, ಶರ್ವರಿ ಇಬ್ಬರೂ ಕೆಟ್ಟ ನಟರಲ್ಲ. ಶರ್ವರಿಗೆ ಇದು ಮೊದಲ ಸಿನಿಮಾ, ಇದಕ್ಕೇ ಫಿಲ್ಮ್‌ಫೇರ್‌ನ ಹೊಸ ನಟಿ ಪ್ರಶಸ್ತಿಯೂ ಬಂತು. ತಪ್ಪು ಅವರದ್ದಲ್ಲ. ಅವರಿಗೆ ಮನೆ ಇಲ್ಲ, ಅಪ್ಪ ಅಮ್ಮನ ಜೊತೆ ಜಗಳ ಇಲ್ಲ, ಕೈಕೊಟ್ಟ ಇಂಟರ್‌ವ್ಯೂ ಇಲ್ಲ. ಕೆಲಸ ಸಿಗಲಿಲ್ಲ ಅಂತ ಬಾಯಲ್ಲಿ ಹೇಳಿಸಿ ಮುಂದೆ ಓಡಿಸಿದ್ದಾರೆ. ಗಂಗಾ ನದಿಯನ್ನೇ ಗುತ್ತಿಗೆ ಕೊಡುವ ಮೋಸ ಕೇಳಲು ಮಜಾ ಇದೆ, ತಾಜಮಹಲ್ ಮಾರಿದ್ದಕ್ಕಿಂತ ಕಡಿಮೆಯೇನಲ್ಲ. ಆದರೆ ತಾಜಮಹಲ್ ಮಾರಿದವರ ಊರು, ಬೀದಿ, ಅಪ್ಪನ ಬೈಗುಳ ಎಲ್ಲ ನಮಗೆ ಗೊತ್ತಿತ್ತು. ಗಂಗೆ ಮಾರಿದವರು ಯಾರ ಮಕ್ಕಳು ಅಂತ ಸಿನಿಮಾ ಮುಗಿದರೂ ಗೊತ್ತಾಗಲ್ಲ. ಗೊತ್ತಿಲ್ಲದವರ ಮೇಲೆ ಪ್ರೀತಿ ಹೇಗೆ ಹುಟ್ಟಬೇಕು?

ಪ್ರೇಕ್ಷಕರು ಸಿನಿಮಾವನ್ನು ಬೈಯುವಾಗ ಯಾವ ನಟ ಬದಲಾದ, ಯಾವ ಹಾಡು ಇಲ್ಲ ಅನ್ನೋದನ್ನೇ ಹಿಡಿದುಕೊಂಡರೆ, ಮುಂದಿನ ಸಿನಿಮಾದವರು ನಟನನ್ನು ವಾಪಸ್ ತಂದು, ಹಾಡು ಹಾಕಿ ಕೈತೊಳೆದುಕೊಳ್ಳುತ್ತಾರೆ. ಕಥೆಯಲ್ಲಿರುವ ಜನ ಏನು ಕೆಲಸ ಮಾಡಿ ಬದುಕುತ್ತಾರೆ, ಆ ಕೆಲಸವನ್ನು ಸಿನಿಮಾ ಹೇಗೆ ನೋಡುತ್ತದೆ ಅಂತ ನಾವೇ ಕೇಳಬೇಕು. ಟಿ.ಸಿ. ಆದ ಅಂತ ನಕ್ಕ ಓದುಗರ ಮೇಲೆ ನನಗೆ ಕೋಪ ಇಲ್ಲ. ಸಿನಿಮಾ ಹಾಗೆ ತೋರಿಸಿತು, ಅವರು ಹಾಗೆ ನೋಡಿದರು.

ನಿಮ್ಮಲ್ಲಿ ಒಂದು ಕೋರಿಕೆ. ಇಂಥ ಅಭಿಪ್ರಾಯ ಕೇಳುವಾಗ ನಿಮ್ಮ ವರದಿಗಾರರನ್ನು ಧಾರವಾಡದ ಸಪ್ತಾಪುರಕ್ಕೂ ಒಮ್ಮೆ ಕಳಿಸಿ. ಅಲ್ಲಿ ಕೋಚಿಂಗ್ ಸೆಂಟರುಗಳ ಸುತ್ತ ರೂಮು ಮಾಡಿಕೊಂಡು ಓದುವ ಹುಡುಗ ಹುಡುಗಿಯರು ಬೇಕಾದಷ್ಟಿದ್ದಾರೆ. ರೈಲ್ವೆ, ಕೆಎಎಸ್, ಪಿಎಸ್‌ಐ, ಎಲ್ಲದಕ್ಕೂ ಓದುತ್ತಾರೆ. ಅವರಲ್ಲೂ ಎಂಜಿನಿಯರಿಂಗ್ ಮುಗಿಸಿದವರಿದ್ದಾರೆ. ಊಟದ ಹೊತ್ತಿನಲ್ಲಿ ಮೊಬೈಲಿನಲ್ಲಿ ಅವರೂ ಸಿನಿಮಾ ನೋಡುತ್ತಾರೆ. ಹಳೇ ಬಂಟಿಗೆ ಸಿಕ್ಕ ನೌಕರಿಯ ಬಗ್ಗೆ, ಹೊಸ ಬಂಟಿ ಹಿಡಿದ ದಾರಿಯ ಬಗ್ಗೆ ಅವರು ಏನನ್ನುತ್ತಾರೆ ಅಂತ ಕೇಳಿ, ಪುಟದಲ್ಲಿ ಹಾಕಿ. ನಾನು ಕಾದು ಓದುತ್ತೇನೆ.

ಇಂತಿ ನಿಮ್ಮ ಓದುಗರಲ್ಲೊಬ್ಬಳು,
ನಿವೃತ್ತ ಟಿಟಿಇ, ಹುಬ್ಬಳ್ಳಿ