ಹುಬ್ಬಳ್ಳಿ ಬಸ್ಸಿನ ಯಜಮಾನರಿಗೆ

ಯಜಮಾನರೇ, ಹೆಸರು ಕೇಳೋಕೂ ಆಗಲಿಲ್ಲ, ನವನಗರದಲ್ಲಿ ಇಳಿದೇಬಿಟ್ಟಿರಿ. ಬೇಂದ್ರೆಯವರ ‘ಬೆಳಗು’ ಪದ್ಯ ತೊಡೆ ಮೇಲಿಟ್ಟುಕೊಂಡು ಕೂತಿದ್ದೆ. ಒಂಬತ್ತನೇ ಕ್ಲಾಸಿಗೆ ರೂಪಕ ಅಂದರೇನು ಅಂತ ಮೂರು ದಿನದಿಂದ ಹೇಳ್ತಾನೇ ಇದ್ದೆ, ಒಬ್ಬರಿಗೂ ಹತ್ತಿರಲಿಲ್ಲ. ಮೊದಲ ಸಾಲಿನಲ್ಲೇ ಬೆಳಕನ್ನು ಎರಕ ಹೊಯ್ಯುವ ಮಾತಿದೆ. ನಾನು ಅದನ್ನು ‘ಸುಂದರ ಹೋಲಿಕೆ’ ಅಂತ ದಾಟಿಸಿಬಿಟ್ಟಿದ್ದೆ!

ನೀವು ಇಣುಕಿ ನೋಡಿ, “ಎರಕ ನಮ್ಮ ಕೆಲಸಾರೀ” ಅಂದಿರಿ. ಕರಗಿದ ಹಿತ್ತಾಳೆ ಅಚ್ಚಿಗೆ ಇಳಿಯೋದನ್ನು ಕೈಯಲ್ಲೇ ತೋರಿಸಿದಿರಿ. “ಸುರಿಯುವಾಗ ಕೈ ನಿಲ್ಲಿಸಬಾರದ್ರೀ, ನಿಂತ್ರ ಗೆರಿ ಬೀಳ್ತದ. ಆ ಹೊತ್ತಿನಾಗ ಯಾರೂ ಮಾತಾಡಂಗಿಲ್ಲ.”

ಅದೇ ಅಲ್ವಾ ಪದ್ಯದ ಭಾವ? ಸದ್ದಿಲ್ಲದೆ, ತಡೆಯಿಲ್ಲದೆ ಹರಡುವ ಬೆಳಕು. ಮರುದಿನ ಮಕ್ಕಳಿಗೆ ವ್ಯಾಖ್ಯೆ ಹೇಳಲೇ ಇಲ್ಲ. ಕಣ್ಣು ಮುಚ್ಚಿಸಿ ನಿಮ್ಮ ಮಾತನ್ನಷ್ಟೇ ಹೇಳಿದೆ, ಆಮೇಲೆ ಪದ್ಯ ಓದಿದೆ. ಹಿಂದಿನ ಬೆಂಚಿನ ಹುಡುಗಿ, ವರ್ಷವಿಡೀ ಬಾಯಿ ಬಿಡದವಳು, ಕೇಳಿದಳು: “ಹಂಗಾದ್ರ ನಮ್ಮ ಹೊಲಾನ ಅಚ್ಚು ಅಲ್ಲೇನ್ರೀ ಟೀಚರ್?”

ನಾನು ಸುಮ್ನೆ ನಿಂತುಬಿಟ್ಟೆ. ತುಂಬಾ ಥ್ಯಾಂಕ್ಸ್ ರೀ. ಅಂದಹಾಗೆ, ನೀವು ಕೊಟ್ಟ ಶೇಂಗಾ ಪೊಟ್ಟಣವನ್ನೂ ಮಕ್ಕಳೇ ಖಾಲಿ ಮಾಡಿದರು.